ಗೋಮಾಳ, ಕೆರೆ ಮತ್ತು ಹರಾಜು: ಪಂಚಾಯತಿ ತೀರ್ಮಾನದಲ್ಲಿ ರೈತರು ನೋಡಬೇಕಾದ ಅಂಶಗಳು

ಹೊಲದಲ್ಲಿ ಯಾವ ಬೆಳೆ ಹಾಕಬೇಕು, ಎಷ್ಟು ಗೊಬ್ಬರ ಕೊಡಬೇಕು ಎಂಬುದನ್ನು ರೈತ ತಾನೇ ನಿರ್ಧರಿಸುತ್ತಾನೆ. ಆದರೆ ಅವನ ದನ ಎಲ್ಲಿ ಮೇಯಬೇಕು, ಕೆರೆಯ ತೂಬು ಯಾವಾಗ ಎತ್ತಬೇಕು, ಏರಿಯ ಮೇಲಿನ ಹುಣಸೆ ಯಾರಿಗೆ ಸೇರಬೇಕು, ಸಂತೆಯಲ್ಲಿ ಒಂದು ಕುಕ್ಕೆ ಬದನೆಕಾಯಿಗೆ ಎಷ್ಟು ಸುಂಕ ಎಂಬುವು ಅವನೊಬ್ಬನ ಕೈಯಲ್ಲಿಲ್ಲ. ಇವು ಪಂಚಾಯತಿ ಕಚೇರಿಯ ನಡಾವಳಿ ಪುಸ್ತಕದಲ್ಲೋ, ತಾಲ್ಲೂಕು ಕಚೇರಿಯ ಕಡತದಲ್ಲೋ ತೀರ್ಮಾನವಾಗುತ್ತವೆ. ನಾಲ್ಕು ಸಾಲಿನ ಒಂದು ಠರಾವಿನಿಂದ ಊರಿನ ಮೇವು ಹತ್ತು ವರ್ಷ ಕಡಿಮೆಯಾಗಬಹುದು, ಅಚ್ಚುಕಟ್ಟಿನ ಭತ್ತ ಹಾಲು ತುಂಬುವ ಹೊತ್ತಿಗೆ ಒಣಗಬಹುದು. ಬಿತ್ತನೆಯ ಹದವನ್ನು ಇಷ್ಟು ಎಚ್ಚರದಿಂದ ನೋಡುವ ರೈತರು ಈ ಠರಾವುಗಳನ್ನು ಓದದೆ ಬಿಡುವುದು ಆಶ್ಚರ್ಯದ ಸಂಗತಿ. ಈ ಲೇಖನದಲ್ಲಿ ಅಂತಹ ತೀರ್ಮಾನಗಳನ್ನು ಬೇಸಾಯದ ದೃಷ್ಟಿಯಿಂದ ಪರಿಶೀಲಿಸುವ ಕ್ರಮವನ್ನು ವಿವರಿಸಲಾಗಿದೆ.

ಯಾವ ಜಮೀನು ಯಾರ ಅಧೀನ?

ಊರಿನ ಎಲ್ಲಾ ಖಾಲಿ ಜಾಗವೂ ಪಂಚಾಯತಿಯದೇ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಪಹಣಿಯಲ್ಲಿ ‘ಗೋಮಾಳ’ ಎಂದು ನಮೂದಾಗಿರುವ ಭೂಮಿ ಸರ್ಕಾರದ್ದು. ಕರ್ನಾಟಕ ಭೂ ಕಂದಾಯ ಕಾಯಿದೆ 1964ರ 71ನೇ ಪ್ರಕರಣದಂತೆ ಅದನ್ನು ಊರ ದನಕರುಗಳ ಉಚಿತ ಮೇವಿಗಾಗಿ ಕಾದಿರಿಸಲಾಗಿರುತ್ತದೆ. ಹೀಗೆ ಕಾದಿರಿಸಿದ ಜಮೀನನ್ನು ಜಿಲ್ಲಾಧಿಕಾರಿಯ ಮಂಜೂರಾತಿ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ಪಂಚಾಯತಿ ಅಲ್ಲಿ ಗಿಡ ನೆಡಬಹುದು, ಕಾವಲು ಇಡಬಹುದು, ಊರಿನ ಅಭಿಪ್ರಾಯವನ್ನು ಬರೆದು ಕಳಿಸಬಹುದು. ತಾನೇ ಹರಾಜು ಹಾಕಿ ಯಾರಿಗಾದರೂ ಉಳುಮೆಗೆ ಬಿಟ್ಟುಕೊಡುವ ಅಧಿಕಾರ ಅದಕ್ಕಿಲ್ಲ. ಅಂತಹ ‘ಗುತ್ತಿಗೆ ಚೀಟಿ’ ನಂಬಿ ಕೊಳವೆಬಾವಿ ಕೊರೆಸಿದವನು ಹಣ ಕಳೆದುಕೊಳ್ಳುತ್ತಾನೆ.

ಕೆರೆ, ಹಳ್ಳ, ದಾರಿಗಳು ಅದೇ ಕಾಯಿದೆಯ 67ನೇ ಪ್ರಕರಣದಂತೆ ಸರ್ಕಾರದ ಸ್ವತ್ತು. ಕೆರೆಗಳ ನಿರ್ವಹಣೆ ಮಾತ್ರ ಹಂಚಿಹೋಗಿದೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಕಡಿಮೆಯಿದ್ದರೆ ಪಂಚಾಯತ್ ರಾಜ್ ಸಂಸ್ಥೆಗಳದು. ಮೀನು ಹಿಡಿಯುವ ಹಕ್ಕನ್ನು ಕೊಡುವವರು ಕೆಲವು ಕೆರೆಗಳಲ್ಲಿ ಮೀನುಗಾರಿಕೆ ಇಲಾಖೆಯವರು, ಉಳಿದವುಗಳಲ್ಲಿ ಗ್ರಾಮ ಪಂಚಾಯತಿಯವರು. ಆದುದರಿಂದ ತಕರಾರು ಹೇಳುವ ಮೊದಲು ತಮ್ಮ ಊರಿನ ಕೆರೆ ಯಾರ ಪಟ್ಟಿಯಲ್ಲಿದೆ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಇದನ್ನು ಮಾಡದೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಹಂಗಾಮು ಮುಗಿಸಿಕೊಂಡವರು ಅನೇಕರು.

ಇನ್ನೊಂದು ಶಬ್ದವನ್ನೂ ತಿಳಿದಿರುವುದು ಒಳ್ಳೆಯದು. ಅದು ‘ಖರಾಬು’. ಸರ್ವೆ ನಂಬರಿನೊಳಗೆ ಬಂಡೆ, ಗುಂಡಿಗಳಿಂದ ಸಾಗುವಳಿಗೆ ಬಾರದ ಭಾಗ ‘ಎ’ ಖರಾಬು. ದಾರಿ, ಹಳ್ಳ, ಕಾಲುವೆ ಮುಂತಾಗಿ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು ‘ಬಿ’ ಖರಾಬು. ಎರಡನೆಯದು ಖಾಸಗಿ ಸರ್ವೆ ನಂಬರಿನ ನಡುವೆಯೇ ಹಾದುಹೋದರೂ ಜಮೀನಿನ ಒಡೆಯನಿಗೆ ಸೇರುವುದಿಲ್ಲ. ಕೆರೆಗೆ ನೀರು ತರುವ ಹಳ್ಳಗಳು ಬಹುಮಟ್ಟಿಗೆ ಈ ‘ಬಿ’ ಖರಾಬಿನಲ್ಲೇ ಇವೆ. ಮೇಲಿನ ಹೊಲ ಬಡಾವಣೆಯಾಗುವಾಗ ಈ ಹಳ್ಳ ಮುಚ್ಚಿದರೆ ಕೆಳಗಿನ ಕೆರೆ ಒಳ್ಳೆಯ ಮಳೆಯಲ್ಲೂ ತುಂಬುವುದಿಲ್ಲ. ಬೇಸಾಯದ ಜಮೀನನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸುವುದು 95ನೇ ಪ್ರಕರಣದ ಪ್ರಕಾರ ಜಿಲ್ಲಾಧಿಕಾರಿಯ ಅಧಿಕಾರಕ್ಕೆ ಸೇರಿದ ವಿಷಯ. ಆದರೆ ಹಳ್ಳದ ಗುರುತು ಗ್ರಾಮ ನಕಾಶೆಯಲ್ಲಿ ಎಲ್ಲಿದೆ ಎಂದು ಕಾಲ ಮೀರುವ ಮೊದಲು ತೋರಿಸಿಕೊಡಬಲ್ಲವರು ಅಚ್ಚುಕಟ್ಟಿನ ರೈತರೇ.

ಗೋಮಾಳದ ಲೆಕ್ಕ

ಕರ್ನಾಟಕ ಭೂ ಕಂದಾಯ ನಿಯಮಗಳು 1966ರ 97ನೇ ನಿಯಮ ಗೋಮಾಳದ ಪ್ರಮಾಣವನ್ನು ನಿಗದಿಪಡಿಸಿದೆ. ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ. ಹತ್ತಿರದಲ್ಲಿ ಮೇವಿಗೆ ಸಾಕಷ್ಟು ಅರಣ್ಯವಿದ್ದಲ್ಲಿ ಇದನ್ನು ಕಡಿಮೆ ಮಾಡಲು ಅವಕಾಶವಿದೆ.

ಬಯಲುಸೀಮೆಯ ಒಂದು ಹಳ್ಳಿಯಲ್ಲಿ 260 ಜಾನುವಾರುಗಳಿವೆ ಎಂದು ಇಟ್ಟುಕೊಳ್ಳೋಣ. ಅಲ್ಲಿಗೆ ಬೇಕಾದ ಗೋಮಾಳ 31.2 ಹೆಕ್ಟೇರು, ಸುಮಾರು 77 ಎಕರೆ. ಪಹಣಿಯಲ್ಲಿ 110 ಎಕರೆ ಇದೆ. 33 ಎಕರೆ ಹೆಚ್ಚುವರಿ ಎಂದು ಕಂಡುಬಂದು, ಅದನ್ನು ಬೇರೆ ಉದ್ದೇಶಕ್ಕೆ ಕೇಳುವ ಅರ್ಜಿ ಬರುತ್ತದೆ. ಕಾಗದದ ಮೇಲೆ ಲೆಕ್ಕ ಸರಿಯೇ. ಆದರೆ ಆ 110 ಎಕರೆಯಲ್ಲಿ 25 ಎಕರೆ ಬಂಡೆ, 20 ಎಕರೆ ಹಿಂದೆಯೇ ಒತ್ತುವರಿ, 8 ಎಕರೆ ಶಾಲೆ, ಆಸ್ಪತ್ರೆ, ನಿವೇಶನಗಳಿಗೆ ಹೋಗಿದ್ದರೆ ಮೇಯಲು ಉಳಿದದ್ದು 57 ಎಕರೆ. ಅಂದರೆ ಹೆಚ್ಚುವರಿಯ ಬದಲು 20 ಎಕರೆ ಕೊರತೆ. ಈ ವ್ಯತ್ಯಾಸವನ್ನು ಕಂಡುಹಿಡಿಯಲು ಪಹಣಿ, ಆಕಾರಬಂದ್, ಗ್ರಾಮ ನಕಾಶೆ ಮೂರನ್ನೂ ಹಿಡಿದುಕೊಂಡು ಒಂದು ಬೆಳಿಗ್ಗೆ ಗೋಮಾಳದ ಸುತ್ತ ನಡೆದರೆ ಸಾಕು. ಜಾನುವಾರುಗಳ ಸಂಖ್ಯೆಯನ್ನೂ ಊಹೆಯಿಂದ ಹೇಳಬಾರದು. 2019ರ 20ನೇ ಜಾನುವಾರು ಗಣತಿಯ ಅಂಕಿಅಂಶಗಳನ್ನು ಪಶುವೈದ್ಯ ಇಲಾಖೆಯಲ್ಲಿ ಕೇಳಿ ಪಡೆಯಬಹುದು.

ಒತ್ತುವರಿಯ ವಿಷಯ ಸೂಕ್ಷ್ಮವಾದುದು. ಒತ್ತುವರಿ ಮಾಡಿದವರೆಲ್ಲಾ ದೊಡ್ಡ ಹಿಡುವಳಿದಾರರಲ್ಲ, ಎರಡು ಎಕರೆ ರಾಗಿಯನ್ನೇ ನಂಬಿದ ಬಡವರೂ ಇದ್ದಾರೆ. ಅವರ ಅರ್ಜಿಗಳಿಗಾಗಿಯೇ ನಮೂನೆ 50, 53, 57 ಎಂದು ಬೇರೆ ಬೇರೆ ಕಾಲದಲ್ಲಿ ಅವಕಾಶ ಕೊಡಲಾಯಿತು. ಇನ್ನೊಂದು ಕಡೆ ಸರ್ವೋಚ್ಚ ನ್ಯಾಯಾಲಯ 2011ರ ಜನವರಿ 28ರಂದು ಪಂಜಾಬಿನ ಪಟಿಯಾಲಾ ಜಿಲ್ಲೆಯ ಒಂದು ಊರಕೆರೆಯ ಪ್ರಕರಣದಲ್ಲಿ ಸ್ಪಷ್ಟವಾದ ತೀರ್ಪು ಕೊಟ್ಟಿದೆ. ಜಗ್ಪಾಲ್ ಸಿಂಗ್ ಪ್ರಕರಣ ಎಂದು ಅದು ಪ್ರಸಿದ್ಧ. ಊರೊಟ್ಟಿನ ಭೂಮಿಯ ಮೇಲಿನ ಅಕ್ರಮ ಸ್ವಾಧೀನವನ್ನು ತೆರವುಗೊಳಿಸಲು ಎಲ್ಲಾ ರಾಜ್ಯಗಳೂ ಯೋಜನೆ ರೂಪಿಸಬೇಕು. ಬಹುಕಾಲದಿಂದ ಅನುಭವದಲ್ಲಿದೆ, ಕಟ್ಟಡಕ್ಕೆ ಹಣ ಹಾಕಿದೆ ಎಂಬ ಕಾರಣಗಳಿಂದ ಅದು ಸಕ್ರಮವಾಗದು. ಸರ್ಕಾರದ ಅಧಿಸೂಚನೆಯಂತೆ ಭೂಹೀನ ಕೂಲಿಕಾರರಿಗೆ ಅಥವಾ ಪರಿಶಿಷ್ಟ ಜಾತಿ, ಪಂಗಡದವರಿಗೆ ಗುತ್ತಿಗೆ ಕೊಟ್ಟಿದ್ದಲ್ಲಿ, ಇಲ್ಲವೆ ಅಲ್ಲಿ ಈಗಾಗಲೇ ಶಾಲೆ, ಔಷಧಾಲಯದಂತಹ ಸಾರ್ವಜನಿಕ ಸೌಲಭ್ಯವಿದ್ದಲ್ಲಿ ಮಾತ್ರ ವಿನಾಯಿತಿಯನ್ನು ಪರಿಶೀಲಿಸಬಹುದು. ಗ್ರಾಮಸಭೆಯಲ್ಲಿ ಈ ವಿಷಯ ಬಂದಾಗ ಬಡವನ ಎರಡು ಎಕರೆಯನ್ನೂ ಬಲ್ಲಿದನ ಇಪ್ಪತ್ತು ಎಕರೆಯನ್ನೂ ಒಂದೇ ತಕ್ಕಡಿಯಲ್ಲಿ ಇಡದೆ ಚರ್ಚಿಸುವುದು ಸೂಕ್ತ.

ಹಾಗೆ ನೋಡಿದರೆ, ಗೋಮಾಳ ‘ನಿರುಪಯುಕ್ತ’ ಎಂದು ಕಡತದಲ್ಲಿ ಬರೆಸಿಕೊಳ್ಳುವುದಕ್ಕೆ ಊರಿನವರದೂ ಪಾಲಿದೆ. ವರ್ಷವಿಡೀ ದನ, ಕುರಿ ಬಿಟ್ಟು ಹುಲ್ಲು ಬೀಜ ಕಟ್ಟಲು ಅವಕಾಶವೇ ಇಲ್ಲದಂತೆ ಮೇಯಿಸಿದರೆ ನೆಲದಲ್ಲಿ ಉಳಿಯುವುದು ತಂಗಡಿ, ಲಂಟಾನ ಮಾತ್ರ. ಗೋಮಾಳವನ್ನು ಮೂರು ಭಾಗ ಮಾಡಿ, ಮುಂಗಾರಿನಲ್ಲಿ ಒಂದು ಭಾಗಕ್ಕೆ ಸರದಿಯಂತೆ ವಿಶ್ರಾಂತಿ ಕೊಡಬೇಕು. ಆ ಭಾಗದಲ್ಲಿ ಮಳೆ ಹಿಡಿದೊಡನೆ ಅಂಜನ್ ಹುಲ್ಲು ಮತ್ತು ಸ್ಟೈಲೋ ಹಮಾಟ ಬಿತ್ತಬಹುದು. ಸ್ಟೈಲೋ ಬೀಜದ ಸಿಪ್ಪೆ ಗಡುಸಾದ್ದರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಅದ್ದಿ, ತೆಗೆದು, ನೆರಳಿನಲ್ಲಿ ಆರಿಸಿ ಬಿತ್ತಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಹಸಿರಾಗಿರುವ ಗೋಮಾಳವನ್ನು ಬೇರೆ ಕೆಲಸಕ್ಕೆ ಕೇಳುವವರು ಕಡಿಮೆ.

ಕೆರೆಯ ಮೀನು ಗುತ್ತಿಗೆ

ರಾಜ್ಯದಲ್ಲಿ ಸುಮಾರು 36,000 ಕೆರೆಗಳಿವೆ. ಇವುಗಳಲ್ಲಿ ಮೀನಿನ ಗುತ್ತಿಗೆ ಪಂಚಾಯತಿಗೆ ಸುಲಭವಾಗಿ ಬರುವ ಆದಾಯ. ಆದರೆ ಅಚ್ಚುಕಟ್ಟಿನ ರೈತರಿಗೂ ಮೀನಿನ ಗುತ್ತಿಗೆದಾರನಿಗೂ ನಡುವೆ ಜಗಳವಾಗದ ಊರು ವಿರಳ. ಇದಕ್ಕೆ ಕಾರಣ ಮನುಷ್ಯರ ಸ್ವಭಾವಕ್ಕಿಂತ ಕರಾರಿನ ಅವಧಿ ಮತ್ತು ಷರತ್ತುಗಳಲ್ಲಿದೆ.

ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಆಗಸ್ಟ್-ಸೆಪ್ಟೆಂಬರಿನಲ್ಲಿ ಕೆರೆಗೆ ಬಿಟ್ಟರೆ ಅವು ಮುಕ್ಕಾಲು ಕಿಲೋದಿಂದ ಒಂದು ಕಿಲೋ ತೂಗಲು ಎಂಟು-ಹತ್ತು ತಿಂಗಳು ಬೇಕು. ಒಂದೇ ವರ್ಷಕ್ಕೆ, ಅದೂ ನವೆಂಬರಿನಲ್ಲಿ ಹರಾಜು ಮಾಡಿದರೆ ಗುತ್ತಿಗೆದಾರನಿಗೆ ಉಳಿಯುವ ಕಾಲ ಐದಾರು ತಿಂಗಳು. ಅವನು ಮರಿಗೆ ಹಣ ಹಾಕುವುದಿಲ್ಲ. ಇದ್ದ ಮೀನನ್ನೇ ಬಾಚಲು ನೋಡುತ್ತಾನೆ. ತುಂಬಿದ ಕೆರೆಯಲ್ಲಿ ಬಲೆಗೆ ಮೀನು ಸಿಗದು. ಆಗ ಅವನ ಕಣ್ಣು ತೂಬಿನ ಮೇಲೆ ಬೀಳುತ್ತದೆ. ರಾತ್ರಿ ತೂಬು ಎತ್ತಿ ಹಳ್ಳಕ್ಕೆ ನೀರು ಬಿಡುವುದು, ಬೆಳಿಗ್ಗೆ ನೀರುಗಂಟಿ ಬಂದು ನೋಡುವಷ್ಟರಲ್ಲಿ ಒಂದು ಗೇಣು ನೀರು ಇಳಿದಿರುವುದು, ಇದು ಹೊಸ ಕಥೆಯಲ್ಲ. ತಡವಾಗಿ ನಾಟಿಯಾದ ಭತ್ತಕ್ಕೆ ತೆನೆ ಹಾಲು ತುಂಬುವ ಸಮಯದಲ್ಲಿ ಎರಡು ನೀರು ತಪ್ಪಿದರೆ ಜೊಳ್ಳು ಹೆಚ್ಚುತ್ತದೆ.

ನಷ್ಟವನ್ನು ಅಂದಾಜು ಮಾಡೋಣ. ಅಚ್ಚುಕಟ್ಟು 60 ಎಕರೆ. ಎಕರೆಗೆ ಐದು ಕ್ವಿಂಟಾಲ್ ಇಳುವರಿ ಕಡಿಮೆಯಾದರೆ 300 ಕ್ವಿಂಟಾಲ್ ಭತ್ತ ಹೋಯಿತು. ಕ್ವಿಂಟಾಲಿಗೆ 2,000 ರೂಪಾಯಿ ಹಿಡಿದರೂ ಆರು ಲಕ್ಷ ರೂಪಾಯಿ. ಪಂಚಾಯತಿಗೆ ಹರಾಜಿನಿಂದ ಬಂದದ್ದು ನಲವತ್ತು ಸಾವಿರ ಇರಬಹುದು.

ಆ ನಲವತ್ತು ಸಾವಿರವಾದರೂ ನ್ಯಾಯವಾದ ಮೊತ್ತವೇ ಎಂದು ನೋಡಬೇಕು. ಕೆರೆಯ ನೀರು ನಿಲ್ಲುವ ಪ್ರದೇಶ 16 ಹೆಕ್ಟೇರು ಇದ್ದರೆ, ಮೀನಿಗೆ ಬಹುಕಾಲ ದೊರೆಯುವುದು ಅದರ ಅರ್ಧ, ಎಂಟು ಹೆಕ್ಟೇರು. ಹೆಕ್ಟೇರಿಗೆ ಎರಡು ಸಾವಿರದಂತೆ 16,000 ಬಲಿತ ಮರಿ ಬಿಟ್ಟು, ಕಾಲು ಭಾಗ ಮಾತ್ರ ಬದುಕಿ, ತಲಾ ಮುಕ್ಕಾಲು ಕಿಲೋ ತೂಗಿದರೂ 3,000 ಕಿಲೋ ಮೀನು. ಕಿಲೋಗೆ ನೂರು ರೂಪಾಯಿಯಂತೆ ಮೂರು ಲಕ್ಷ. ಮರಿ, ಬಲೆ, ಕಾವಲು, ಕೂಲಿಯ ಖರ್ಚು ಕಳೆದರೂ ಸವಾಲು ಎಲ್ಲಿಂದ ಆರಂಭವಾಗಬೇಕೆಂಬುದು ಇದರಿಂದ ಹೊಳೆಯುತ್ತದೆ. ಮಳೆ ಕೈಕೊಟ್ಟ ವರ್ಷದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ ನಿಜ. ಅದಕ್ಕಾಗಿಯೇ ಗುತ್ತಿಗೆ ಒಂದು ವರ್ಷದ್ದಾಗಿರದೆ ಮೂರರಿಂದ ಐದು ವರ್ಷದ್ದಾಗಿರುವುದು ಉತ್ತಮ. ಐದು ವರ್ಷ ಕೆರೆ ತನ್ನ ಬಳಿಯೇ ಇರುತ್ತದೆಂದು ತಿಳಿದವನು ಮರಿ ಬಿಡುತ್ತಾನೆ, ಕೆರೆಯ ತಳದಲ್ಲಿ ನೀರು ಉಳಿಯಲಿ ಎಂದು ಅವನೇ ಬಯಸುತ್ತಾನೆ. ಮೀನುಗಾರರ ಸಹಕಾರ ಸಂಘವಿದ್ದಲ್ಲಿ ಅದಕ್ಕೆ ಆದ್ಯತೆ ಕೊಡುವುದರಿಂದ ಪಟ್ಟಣದ ದಲ್ಲಾಳಿ ಸಂಘದ ಹೆಸರಿನಲ್ಲಿ ಬೇನಾಮಿ ಸವಾಲು ಕೂಗದಂತೆ ಎಚ್ಚರವಹಿಸುವುದೂ ಅಷ್ಟೇ ಅಗತ್ಯ.

ಕರಾರು ಪತ್ರದಲ್ಲಿ ಕೆಳಗಿನ ಷರತ್ತುಗಳು ಬರಹದಲ್ಲಿ ಇರಲೇಬೇಕು. ನೀರಿನ ಮೊದಲ ಹಕ್ಕು ನೀರಾವರಿಗೆ ಮತ್ತು ದನಕರುಗಳಿಗೆ. ತೂಬನ್ನು ನೀರುಗಂಟಿ ಹೊರತು ಯಾರೂ ಮುಟ್ಟತಕ್ಕದ್ದಲ್ಲ. ತೂಬು ಎತ್ತಿದ ದಿನ, ಇಳಿಸಿದ ದಿನ ಒಂದು ಪುಸ್ತಕದಲ್ಲಿ ದಾಖಲಾಗತಕ್ಕದ್ದು. ಮೀನು ಹಿಡಿಯಲು ವಿಷ, ಸಿಡಿಮದ್ದು ಬಳಸತಕ್ಕದ್ದಲ್ಲ. ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಷ್ ಬಿಡತಕ್ಕದ್ದಲ್ಲ, ಕೋಳಿ ಅಂಗಡಿಯ ಕಸ ತಂದು ಸುರಿಯತಕ್ಕದ್ದಲ್ಲ. ಷರತ್ತು ಮೀರಿದರೆ ಠೇವಣಿ ಮುಟ್ಟುಗೋಲಾಗುವುದೆಂದೂ ಬರೆದಿರಬೇಕು.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಕೋಡಿಗೆ ಬಲೆ ಕಟ್ಟುವುದು. ಕೋಡಿ ಹರಿಯುವಾಗ ಮೀನು ಹೊರಹೋಗದಿರಲೆಂದು ಗುತ್ತಿಗೆದಾರ ಬಿದಿರಿನ ತಡಿಕೆ ಅಥವಾ ಬಲೆ ನಿಲ್ಲಿಸುತ್ತಾನೆ. ಅದಕ್ಕೆ ಕಸ, ಜೊಂಡು, ಮುಳ್ಳು ಬಂದು ಮೆತ್ತಿಕೊಂಡು ಅದೇ ಒಂದು ಗೋಡೆಯಾಗುತ್ತದೆ. ದೊಡ್ಡ ಮಳೆಯ ರಾತ್ರಿ ನೀರು ಕೋಡಿಯಲ್ಲಿ ಹೋಗಲಾರದೆ ಏರಿಯ ತಗ್ಗಾದ ಕಡೆ ಹತ್ತಿ ಹರಿಯಲಾರಂಭಿಸಿದರೆ ಮಣ್ಣಿನ ಏರಿ ಕೆಲವೇ ಗಂಟೆಗಳಲ್ಲಿ ಕೊಚ್ಚಿಹೋಗಬಹುದು. ಕೆಳಗಿನ ತೋಟ, ಮನೆ, ದನಗಳ ಗತಿ ಹೇಳಬೇಕಾಗಿಲ್ಲ. ಕೋಡಿಯ ಮೇಲೆ ಯಾವ ತಡೆಯೂ ಕೂಡದೆಂಬ ಷರತ್ತನ್ನು ದಪ್ಪ ಅಕ್ಷರದಲ್ಲಿ ಬರೆಸಬೇಕು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೋಗಿ ನೋಡಲೂ ಬೇಕು.

2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಜಲಸಂವರ್ಧನೆ ಯೋಜನೆಯಲ್ಲಿ ಅನೇಕ ಕಡೆ ಕೆರೆ ಬಳಕೆದಾರರ ಸಂಘಗಳು ಸ್ಥಾಪನೆಯಾದವು. ಸಂಘ ಇಂದಿಗೂ ಜೀವಂತವಾಗಿರುವ ಊರುಗಳಲ್ಲಿ ಹರಾಜಿನ ಷರತ್ತು ಬರೆಯುವ ಮೊದಲು ಸಂಘದ ಅಭಿಪ್ರಾಯ ಕೇಳುವುದು, ಬಂದ ಹಣದಲ್ಲಿ ಒಂದು ಪಾಲನ್ನು ತೂಬು, ಏರಿಗಳ ದುರಸ್ತಿಗೆ ಮೀಸಲಿಡುವುದು ಉಚಿತ.

ಹೂಳೆತ್ತುವ ಕಾಮಗಾರಿ

ಸಾರ್ವಜನಿಕ ಕಾಮಗಾರಿಗಳನ್ನು ಕೊಡುವ ಕ್ರಮವನ್ನು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯಿದೆ 1999 ನಿಯಂತ್ರಿಸುತ್ತದೆ. ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಕೆಲಸಕ್ಕೆ ಟೆಂಡರ್ ಕರೆಯಲೇಬೇಕು. ಟೆಂಡರ್ ಅಂಗೀಕಾರದಿಂದ ಅನ್ಯಾಯವಾಯಿತೆಂದು ಭಾವಿಸುವ ಟೆಂಡರುದಾರ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಒಂದೇ ಕೆರೆಯ ಹೂಳೆತ್ತುವ ಕೆಲಸವನ್ನು ‘ಪೂರ್ವ ಭಾಗ’, ‘ಪಶ್ಚಿಮ ಭಾಗ’, ‘ತೂಬಿನ ಹತ್ತಿರ’ ಎಂದು ಸಣ್ಣ ಸಣ್ಣ ಅಂದಾಜುಗಳಾಗಿ ಒಡೆದು ಟೆಂಡರ್ ಇಲ್ಲದೆ ಕೊಡುವುದು ಕಾಯಿದೆಯ ಉದ್ದೇಶಕ್ಕೆ ವಿರುದ್ಧ. ನಾಮಫಲಕಗಳ ಮೇಲೆ ಒಂದೇ ಕೆರೆಯ ಹೆಸರು ಮೂರು ಸಲ ಕಂಡರೆ ಅಂದಾಜು ಪಟ್ಟಿಯ ಪ್ರತಿ ಕೇಳುವುದು ಒಳ್ಳೆಯದು.

ಹೂಳು ಎಷ್ಟು ತೆಗೆದರು ಎಂಬುದನ್ನು ಅಳೆಯುವುದು ರೈತರಿಗೆ ಕಷ್ಟವಲ್ಲ. ಬಾವಿ ತೋಡಿಸಿದವರಿಗೆಲ್ಲಾ ಗೊತ್ತಿರುವ ಲೆಕ್ಕವೇ ಇದು. ಅಂದಾಜಿನಲ್ಲಿ 3,000 ಘನ ಮೀಟರ್ ಎಂದಿದ್ದರೆ 60 ಮೀಟರ್ ಉದ್ದ, 50 ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿ ಕಾಣಬೇಕು. ತೆಗೆದ ಮಣ್ಣು ಸಡಿಲಗೊಂಡು ಸುಮಾರು ಕಾಲು ಭಾಗ ಉಬ್ಬುತ್ತದೆ, ಆದುದರಿಂದ ಟ್ರಾಕ್ಟರಿಗೆ ತುಂಬುವಾಗ ಅದು 3,750 ಘನ ಮೀಟರ್ ಆಗುತ್ತದೆ. ಒಂದು ಟ್ರೈಲರಿಗೆ ಮೂರು ಘನ ಮೀಟರ್ ಹಿಡಿದರೆ 1,250 ಲೋಡು. ಊರಿನವರು ಎಣಿಸಿದ್ದು 500 ಲೋಡು ಮಾತ್ರವಾದರೆ ನೆಲದಿಂದ ಎದ್ದದ್ದು 1,200 ಘನ ಮೀಟರ್. ಉಳಿದದ್ದಕ್ಕೆ ಅಳತೆ ಪುಸ್ತಕದಲ್ಲಿ ಏನು ಬರೆದಿದೆ ಎಂದು ಇಂಜಿನಿಯರರನ್ನು ವಿನಯದಿಂದ ಕೇಳಬಹುದು. ಅಗೆಯುವಾಗ ಅಲ್ಲಲ್ಲಿ ಮೊದಲಿನ ಮಟ್ಟ ತೋರಿಸಲು ಕಡಿಯದೆ ಬಿಡುವ ಮಣ್ಣಿನ ದಿಣ್ಣೆಗಳನ್ನು ಅಳತೆ ಮುಗಿಯುವವರೆಗೆ ಕೆಡವಲು ಬಿಡಬಾರದು. ಮಳೆ ಬಂದು ಕೆರೆ ತುಂಬಿದ ಮೇಲೆ ಕೇಳಿದರೆ ಉತ್ತರ ನೀರಿನ ಕೆಳಗಿರುತ್ತದೆ!

ಎಲ್ಲಿ ಅಗೆಯುತ್ತಾರೆ ಎಂಬುದು ಎಷ್ಟು ಅಗೆಯುತ್ತಾರೆ ಎಂಬುದಕ್ಕಿಂತಲೂ ಮುಖ್ಯ. ರಸ್ತೆಗೆ ಹತ್ತಿರವೆಂದು ಏರಿಯ ಬುಡದಲ್ಲೇ ಗುಂಡಿ ತೋಡಿದರೆ ಏರಿ ಕುಸಿಯುತ್ತದೆ. ತೂಬಿನ ತಳಮಟ್ಟಕ್ಕಿಂತ ಕೆಳಗೆ ತೋಡಿದ ಗುಂಡಿಯ ನೀರು ಕಾಲುವೆಗೆ ಹರಿಯದು. ದನಕ್ಕೂ ಅಂತರ್ಜಲಕ್ಕೂ ಅದರಿಂದ ಉಪಯೋಗವಿದೆ, ಆದರೆ ‘ನೀರಾವರಿ ಸಾಮರ್ಥ್ಯ ಹೆಚ್ಚಳ’ ಎಂದು ಅಂದಾಜಿನಲ್ಲಿ ಬರೆದದ್ದಕ್ಕೆ ಅದು ಲೆಕ್ಕವಾಗುವುದಿಲ್ಲ. ತಳದ ಜೇಡಿ ಪದರವನ್ನು ಸೀಳಿ ಮರಳು ಕಾಣುವವರೆಗೆ ತೋಡಿದರೆ ಕೆರೆಯೇ ಸೋರತೊಡಗುತ್ತದೆ. ಕೆಂಪು ಮರಳುಮಿಶ್ರಿತ ಹೊಲಗಳಿಗೆ ಹೂಳು ಉತ್ತಮ, ಮಣ್ಣು ತೇವ ಹಿಡಿಯುವ ಶಕ್ತಿ ಹೆಚ್ಚುತ್ತದೆ. ಒಂದು ಎಕರೆಗೆ ಒಂದು ಅಂಗುಲ ದಪ್ಪ ಹರಡಲು ಸುಮಾರು 34 ಲೋಡು ಬೇಕು. ಆದರೆ ಸಾಗಿಸುವ ಮೊದಲು ಹೂಳಿನ ಮಾದರಿಯನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಟ್ಟು ಕ್ಷಾರ, ಉಪ್ಪಿನ ಪ್ರಮಾಣ ತಿಳಿದುಕೊಳ್ಳಬೇಕು.

ಹುಣಸೆ ಮತ್ತು ಸಂತೆ

ಏರಿ, ರಸ್ತೆಬದಿಯ ಹುಣಸೆ ಫಸಲನ್ನು ಹಲವು ಪಂಚಾಯತಿಗಳು ಹೂವಿನ ಕಾಲದಲ್ಲೇ ಹರಾಜು ಹಾಕುತ್ತವೆ. ಫಸಲು ನಿಲ್ಲುವುದೋ ಉದುರುವುದೋ ತಿಳಿಯದ ಕಾಲದಲ್ಲಿ ಕೂಗುವವನು ತನ್ನ ಅಪಾಯಕ್ಕೆ ತಕ್ಕಂತೆ ಕಡಿಮೆ ಕೂಗುವುದು ಸಹಜ. ಕಾಯಿ ಬಲಿತು ಮರದ ಮೇಲೆ ಕಣ್ಣಿಗೆ ಕಾಣುವ ನವೆಂಬರ್-ಡಿಸೆಂಬರಿನಲ್ಲಿ ಹರಾಜಿಟ್ಟರೆ ಬೆಲೆ ನಿಜಕ್ಕೆ ಹತ್ತಿರ ಬರುತ್ತದೆ. ಕೊಂಬೆ ಕಡಿಯಕೂಡದೆಂಬ ಷರತ್ತನ್ನೂ ಸೇರಿಸಬೇಕು.

ಸಂತೆ ಸುಂಕದ ಹರಾಜಿನಲ್ಲಿ ಹೆಚ್ಚು ಕೂಗಿದವನೇ ಒಳ್ಳೆಯವನೆಂದು ಭಾವಿಸುವುದು ತಪ್ಪು. ಅವನು ಕೂಗಿದ ಹಣವನ್ನು ಕಡೆಗೆ ಕೊಡುವವರು ಕುಕ್ಕೆ ಹೊತ್ತು ಬರುವ ರೈತ ಹೆಂಗಸರೇ. ಪಂಚಾಯತಿ ನಿಗದಿ ಮಾಡಿದ ದರದ ಫಲಕ ಸಂತೆಯ ಬಾಗಿಲಲ್ಲಿ ಇರಬೇಕು, ವಸೂಲಿಗೆ ರಸೀದಿ ಕೊಡಬೇಕು. ಫಲಕವಿಲ್ಲದ ಸಂತೆಯಲ್ಲಿ ದರ ವಸೂಲಿದಾರನ ಬಾಯಲ್ಲಿರುತ್ತದೆ.

ದೀರ್ಘಾವಧಿಯ ಗುತ್ತಿಗೆ: ಪಾವಗಡದ ಉದಾಹರಣೆ

ರೈತರ ಜಮೀನಿನ ಖಾಸಗಿ ಗೇಣಿ, ವಾರ, ಕೋರುಗಳಿಗೆ ಭೂ ಸುಧಾರಣಾ ಕಾಯಿದೆಯಂತೆ 1974ರ ಮಾರ್ಚ್ 1ರಿಂದ ಕಾನೂನಿನ ಮನ್ನಣೆ ಇಲ್ಲವಾಯಿತು, ಕೆಲವು ವಿನಾಯಿತಿಗಳನ್ನು ಬಿಟ್ಟು. ಆದರೆ ಇತ್ತೀಚೆಗೆ ಸೌರ ವಿದ್ಯುತ್ತಿಗಾಗಿ ಸಂಸ್ಥೆಗಳಿಗೆ ದೀರ್ಘಕಾಲ ಜಮೀನು ಕೊಡುವ ವ್ಯವಸ್ಥೆ ಬಂದಿದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ಕೊಳ್ಳದೆ, ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವಾಟಿನ ಸೌರ ಪಾರ್ಕ್ ನಿರ್ಮಿಸಲಾಯಿತು. 2019ರ ಕೊನೆಗೆ ಅದು ಪೂರ್ಣ ಪ್ರಮಾಣದಲ್ಲಿ ಕೆಲಸ ಆರಂಭಿಸಿತು. ಗುತ್ತಿಗೆ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ, ಅವಧಿ 28 ವರ್ಷ.

ಬರಗಾಲಕ್ಕೆ ಹೆಸರಾದ ಆ ಸೀಮೆಯಲ್ಲಿ ಮಳೆಯನ್ನು ನಂಬಿದ ಶೇಂಗಾಕ್ಕಿಂತ ಖಚಿತವಾದ 21,000 ರೂಪಾಯಿ ದೊಡ್ಡ ಆಸರೆ ಎಂಬುದನ್ನು ಒಪ್ಪಬೇಕು. ಭೂಮಿಯ ಒಡೆತನವೂ ರೈತರಲ್ಲೇ ಉಳಿಯಿತು. ಆದರೂ ಇಂತಹ ಕರಾರನ್ನು ಓದುವಾಗ ಮೊದಲ ವರ್ಷದ ಅಂಕಿಯನ್ನಷ್ಟೇ ನೋಡಬಾರದು. ಮೂರನೆಯ ವರ್ಷ 22,050, ಐದನೆಯ ವರ್ಷ ಸುಮಾರು 23,150, ಹೀಗೆ ಏರುತ್ತಾ 27-28ನೇ ವರ್ಷದಲ್ಲಿ ಸುಮಾರು 39,600 ರೂಪಾಯಿ ಆಗುತ್ತದೆ. ಕೇಳಲು ದೊಡ್ಡದು. ಆದರೆ ಎರಡು ವರ್ಷಕ್ಕೆ ಶೇಕಡ 5 ಎಂದರೆ ವರ್ಷಕ್ಕೆ ಎರಡೂವರೆಗಿಂತ ಸ್ವಲ್ಪ ಕಡಿಮೆ. ಸಾಮಾನಿನ ಬೆಲೆಗಳು ವರ್ಷಕ್ಕೆ ಶೇಕಡ 5ರಂತೆ ಏರಿದರೆ, ಆ ಕೊನೆಯ 39,600 ರೂಪಾಯಿ ಮೊದಲ ವರ್ಷದ 10,600 ರೂಪಾಯಿಗೆ ಸಮ. ಗುತ್ತಿಗೆ ಹಣ ಏರುತ್ತಲೇ ಇದ್ದು, ಅದರ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿಯಬಹುದು. ಏರಿಕೆಯನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸುವಂತೆ, ಇಲ್ಲವೆ ಐದು ವರ್ಷಕ್ಕೊಮ್ಮೆ ಪುನರ್‌ವಿಮರ್ಶೆಗೆ ಅವಕಾಶವಿಡುವಂತೆ ಸಹಿ ಹಾಕುವ ಮೊದಲೇ ಕೇಳಬೇಕು.

ಇನ್ನೊಂದು ಅಂಶವುಂಟು. ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತದೆ. ಆ ಹೊಲಗಳಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಬದುಕುತ್ತಿದ್ದ ಕೂಲಿಯವರಿಗೂ, ಸುಗ್ಗಿಯ ನಂತರ ಕೂಳೆಯಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಅದರಲ್ಲಿ ಪಾಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಕುಸುಮ್ ಯೋಜನೆಯನ್ನು ಆರಂಭಿಸಿದ ಬಳಿಕ ವಿದ್ಯುತ್ ಉಪಕೇಂದ್ರಗಳ ಸಮೀಪದ ಸರ್ಕಾರಿ ಜಮೀನಿಗೂ ಬೇಡಿಕೆ ಬಂದಿದೆ. ಹಗಲು ಹೊತ್ತಿನಲ್ಲಿ ಪಂಪಿಗೆ ವಿದ್ಯುತ್ ಸಿಗುವುದು ರೈತರಿಗೆ ಬೇಕಾದದ್ದೇ. ಆ ಜಮೀನು ಗೋಮಾಳವಾಗಿದ್ದರೆ ಮೇಲೆ ಹೇಳಿದ 12 ಹೆಕ್ಟೇರಿನ ಲೆಕ್ಕವನ್ನು ಮೊದಲು ಮಾಡಬೇಕು. ಬೇಲಿ ಹಾಕಿದ ಮೇಲೆ ದನದ ದಾರಿ, ಕೆರೆಯ ಹಳ್ಳ ಎಲ್ಲಿ ಹೋಗುತ್ತವೆ, ಅವಧಿ ಮುಗಿದಾಗ ಕಾಂಕ್ರೀಟ್ ಬುಡಗಳನ್ನು ಕಿತ್ತು ನೆಲ ಸಮ ಮಾಡಿಕೊಡುವವರು ಯಾರು, ಆ ಖರ್ಚಿಗೆ ಠೇವಣಿ ಇದೆಯೇ ಎಂಬುದನ್ನೂ ಕೇಳಿ ಬರೆಸಿಕೊಳ್ಳಬೇಕು.

ಸಭೆ, ದಾಖಲೆ, ಆಕ್ಷೇಪಣೆ

1993ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಫಲಾನುಭವಿಗಳ ಆಯ್ಕೆಯ ದಿನ ತುಂಬುವ ಸಭೆ, ಗುತ್ತಿಗೆ, ಹರಾಜುಗಳ ವಿಷಯ ಬರುವ ಹೊತ್ತಿಗೆ ಖಾಲಿಯಾಗಿರುತ್ತದೆ ಎಂಬುದು ವಿಸ್ತರಣಾ ಕಾರ್ಯಕರ್ತರೆಲ್ಲರ ಅನುಭವ. ಹರಾಜಿನ ಷರತ್ತುಗಳನ್ನು ಸಭೆಯಲ್ಲಿ ಓದಿಸಿ, ಆಕ್ಷೇಪಣೆಯಿದ್ದರೆ ಬಾಯಲ್ಲಿ ಹೇಳಿ ಸುಮ್ಮನಾಗದೆ ನಡಾವಳಿಯಲ್ಲಿ ಬರೆಸಬೇಕು. ಬರೆಯಲು ನಿರಾಕರಿಸಿದರೆ ಅದೇ ದಿನ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಪಂಚಾಯತಿಯ ಠರಾವು ಕಾನೂನಿಗೆ ವಿರುದ್ಧವೆಂದು ಕಂಡಲ್ಲಿ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ, ಗೋಮಾಳ, ಕೆರೆಯಂಗಳದ ವಿಷಯವಾದರೆ ತಹಸೀಲ್ದಾರರಿಗೆ ಮತ್ತು ಜಿಲ್ಲಾಧಿಕಾರಿಗೆ ಬರೆಯಬೇಕು. ಅರ್ಜಿಯಲ್ಲಿ ಬೈಗುಳ, ಪಕ್ಷದ ಮಾತು ಬೇಡ. ಸರ್ವೆ ನಂಬರು, ಠರಾವಿನ ದಿನಾಂಕ, ತಾವೇ ಅಳೆದ ಅಳತೆ, ಜಾನುವಾರು ಸಂಖ್ಯೆ ಇವಿಷ್ಟು ಇದ್ದರೆ ಅರ್ಧ ಪುಟ ಸಾಕು.

ಕರಾರು ಪತ್ರ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪ್ರತಿಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಿ ಪಡೆಯಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ವರ್ಷಕ್ಕೊಮ್ಮೆ ನಡೆಯುವ ಪಂಚಾಯತಿ ಜಮಾಬಂದಿಯಲ್ಲಿ ಲೆಕ್ಕಪತ್ರಗಳನ್ನು ಊರಿನವರ ಮುಂದೆ ಇಟ್ಟು, ಕಾಮಗಾರಿಗಳನ್ನು ಸ್ಥಳದಲ್ಲೇ ತೋರಿಸಲಾಗುತ್ತದೆ. ಅಂದು ಒಂದು ಅಳತೆ ಟೇಪು, ಗ್ರಾಮ ನಕಾಶೆಯ ಪ್ರತಿ ಮತ್ತು ಲೋಡು ಎಣಿಸಿದ ಚೀಟಿಯನ್ನು ತೆಗೆದುಕೊಂಡು ಹೋಗುವುದು ಅನುಕೂಲ.